ಕಾಗದ ಹಿಡಿದುಕೊಳ್ಳಿ, ಪೆನ್ಸಿಲ್ ಕಿತ್ತುಕೊಳ್ಳಬೇಡಿ

ಮಕ್ಕಳೇ,

ನಿಮ್ಮ ಮನೆಯಲ್ಲಿ ಒಂದನೆಯ ಅಥವಾ ಎರಡನೆಯ ತರಗತಿಯಲ್ಲಿ ಓದುವ ತಮ್ಮನೋ ತಂಗಿಯೋ ಇದ್ದಾರೆಯೇ? ಇಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಅಂಥ ಪುಟಾಣಿಗಳು ಇದ್ದೇ ಇರುತ್ತಾರೆ. ಅವರ ಜೊತೆ ಕುಳಿತು ಕಾಗದದಲ್ಲಿ ಒಂದು ಉಡುಗೊರೆ ಮಾಡುವುದರ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ. 'ಇದೇನು ಟೀಚರ್, ವಿಜ್ಞಾನದ ಪುಟದಲ್ಲಿ ಕ್ರಾಫ್ಟ್ ಪಾಠವೇ?' ಎಂದು ನೀವು ಕೇಳಬಹುದು. ಕೊನೆಯವರೆಗೆ ಓದಿ, ಆಮೇಲೆ ಹೇಳಿ. ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಆಗ ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಳು. ಊರಿನಲ್ಲಿದ್ದ ನನ್ನ ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಅಜ್ಜಿಯನ್ನು ನೋಡಲು ಹೋಗುವಾಗ ಕೊಡಬೇಕೆಂದು ಮಗಳು ಒಂದು ಕಾರ್ಡ್ ಮಾಡುತ್ತಿದ್ದಳು. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ಎರಡಾಗಿ ಮಡಚಿ, ಅದರ ಮೇಲೆ ಅಜ್ಜಿಯ ಚಿತ್ರ ಬಿಡಿಸಿದ್ದಳು. ಅಜ್ಜಿಯ ಒಂದು ಕೈ ಅಜ್ಜಿಯ ಮುಖಕ್ಕಿಂತ ದೊಡ್ಡದಾಗಿತ್ತು! ಸೀರೆಯ ಗೆರೆ ಓರೆಕೋರೆಯಾಗಿತ್ತು. ನಾನು ಎಂ.ಎಸ್ಸಿ. ಓದಿದವಳು, ಮೇಲಾಗಿ ಟೀಚರ್. ಸುಮ್ಮನಿರಲಾದೀತೇ? ರಬ್ಬರ್ ತೆಗೆದುಕೊಂಡು ಆ ಕೈಯನ್ನು ಅಳಿಸಿ, ಸರಿಯಾದ ಅಳತೆಯ ಕೈಯನ್ನು ಬರೆದೆ. ಸೀರೆಯ ಅಂಚನ್ನೂ ಸ್ಕೇಲಿಟ್ಟು ನೇರ ಮಾಡಿದೆ. ಈಗ ಎಷ್ಟು ಚೆನ್ನಾಗಿದೆ ನೋಡು ಎಂದು ಅವಳ ಮುಂದಿಟ್ಟೆ.

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕಾರ್ಡನ್ನು ನನ್ನ ಕಡೆಗೆ ತಳ್ಳಿ, "ಅಮ್ಮಾ, ಇದು ನಿಂದು. ನೀನೇ ಕೊಡು" ಎಂದಳು. ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಎದ್ದು ಹೊರಗೆ ಹೋದಳು. ರಾತ್ರಿ ಮಲಗುವಾಗ, "ಅಜ್ಜಿ ಕೈ ದೊಡ್ಡದೇ ಅಮ್ಮಾ. ತಲೆ ಬಾಚೋವಾಗ ನನ್ನ ತಲೆ ಪೂರ್ತಿ ಅಜ್ಜಿ ಕೈಯಲ್ಲೇ ಇರುತ್ತೆ" ಎಂದಳು.

ಆ ಕಾರ್ಡನ್ನು ನಾನು ಯಾರಿಗೂ ಕೊಡಲಿಲ್ಲ. ಕೊಡಲು ಮುಖವಿರಲಿಲ್ಲ.

ಈ ತಪ್ಪನ್ನು ನಾನೊಬ್ಬಳೇ ಮಾಡಿಲ್ಲ. ಶಾಲೆಗಳಿಗೆ ಭೇಟಿ ಕೊಡುವುದು ನನ್ನ ಕೆಲಸದ ಭಾಗ. ಒಮ್ಮೆ ಸೆಪ್ಟೆಂಬರ್ 5ರಂದು ಒಂದು ಶಾಲೆಗೆ ಹೋಗಿದ್ದೆ. ಮೇಜಿನ ಮೇಲೆ ಒಂದನೆಯ ತರಗತಿಯ ಮಕ್ಕಳು ಕೊಟ್ಟ ಕಾರ್ಡುಗಳಿದ್ದವು. ಎಲ್ಲದರಲ್ಲೂ ಒಂದೇ ಬಗೆಯ ಗುಲಾಬಿ, ಒಂದೇ ಬಗೆಯ ಅಕ್ಷರ. ವಿಚಾರಿಸಿದರೆ ಎಲ್ಲವನ್ನೂ ಬರೆದವರು ಏಳನೆಯ ತರಗತಿಯ ಇಬ್ಬರು ಅಕ್ಕಂದಿರು. 'ಚಿಕ್ಕೋರಿಗೆ ಬರೆಯೋಕೆ ಬರಲ್ಲ ಟೀಚರ್, ಅದಕ್ಕೇ ನಾವೇ ಬರೆದ್ವಿ' ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಕಾರ್ಡುಗಳಲ್ಲಿ ಒಂದನೆಯ ತರಗತಿಯ ಮಕ್ಕಳು ಎಲ್ಲಿದ್ದರು? ಹೆಸರಿನಲ್ಲಿ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಪ್ರೀತಿ ತೋರಿಸಲು ಮಾಡುವ ಉಡುಗೊರೆಯನ್ನು ಕೊಡುವವರ ಕೈಯೇ ಮಾಡಬೇಕು. ಆ ಕೈ ಎಷ್ಟೇ ಪುಟ್ಟದಾಗಿರಲಿ, ಗೆರೆ ಎಷ್ಟೇ ಓರೆಯಾಗಿರಲಿ, ಅದನ್ನು ತಿದ್ದಬಾರದು. ದೊಡ್ಡವರಾದ ನೀವು ಸಹಾಯ ಮಾಡಬೇಕು, ಆದರೆ ಸಹಾಯ ಬೇರೆ, ಕಿತ್ತುಕೊಳ್ಳುವುದು ಬೇರೆ. ನಾನು ಹೀಗೆ ಹೇಳುವುದಕ್ಕೆ ವಿಜ್ಞಾನದಲ್ಲೂ ಕಾರಣಗಳಿವೆ. ಬನ್ನಿ, ಒಂದೊಂದಾಗಿ ನೋಡೋಣ.

ಮಣಿಕಟ್ಟಿನ ಎಂಟು ಮೂಳೆಗಳು

ನಿಮ್ಮ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡು, ಅಂಗೈಯನ್ನು ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಎಷ್ಟು ಸಲೀಸಾಗಿ ಆಡುತ್ತದೆ ಅಲ್ಲವೇ? ಅಲ್ಲಿ ಎರಡು ಸಾಲಾಗಿ ಜೋಡಿಸಿದ 8 ಪುಟ್ಟ ಮೂಳೆಗಳಿವೆ. ಆದರೆ ಮಗು ಹುಟ್ಟಿದಾಗ ಅದರ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ, ಸಾಮಾನ್ಯವಾಗಿ ಈ ಎಂಟರಲ್ಲಿ ಒಂದೂ ಕಾಣಿಸುವುದಿಲ್ಲ! ಹಾಗಾದರೆ ಮೂಳೆಗಳು ಎಲ್ಲಿ ಹೋದವು? ಅವು ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯ ರೂಪದಲ್ಲಿರುತ್ತವೆ. ನಿಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಮಡಚಿ ನೋಡಿ. ಬಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಅದೇ ಮೃದ್ವಸ್ಥಿ. ಎಕ್ಸ್-ರೇಯಲ್ಲಿ ಅದು ಮೂಳೆಯಂತೆ ಬೆಳ್ಳಗೆ ಕಾಣುವುದಿಲ್ಲ.

ಮೊದಲ ವರ್ಷದಲ್ಲಿ ಎರಡು ಮೂಳೆಗಳು ಗಟ್ಟಿಯಾಗತೊಡಗುತ್ತವೆ. ಆಮೇಲೆ ವರ್ಷಗಳು ಕಳೆದಂತೆ ಒಂದೊಂದಾಗಿ ಉಳಿದವು. ಬಟಾಣಿ ಕಾಳಿನ ಆಕಾರದ ಕೊನೆಯ ಮೂಳೆ ಗಟ್ಟಿಯಾಗಲು ಆರಂಭಿಸುವುದು ಸುಮಾರು 9ರಿಂದ 12ನೆಯ ವಯಸ್ಸಿನಲ್ಲಿ. ಹೆಣ್ಣುಮಕ್ಕಳಲ್ಲಿ ಇದು ಸ್ವಲ್ಪ ಬೇಗ, ಗಂಡುಮಕ್ಕಳಲ್ಲಿ ಸ್ವಲ್ಪ ತಡ. ಈ ಕ್ರಮ ಎಷ್ಟು ನಿಯಮಿತವೆಂದರೆ, ಮಗುವಿನ ಬೆಳವಣಿಗೆ ಹೇಗಿದೆ ಎಂದು ತಿಳಿಯಲು ವೈದ್ಯರು ಕೈಯ ಎಕ್ಸ್-ರೇ ನೋಡಿ 'ಮೂಳೆಯ ವಯಸ್ಸನ್ನು' ಅಂದಾಜು ಮಾಡುತ್ತಾರೆ.

ಈಗ ಯೋಚಿಸಿ. ಏಳನೆಯ ತರಗತಿಯಲ್ಲಿರುವ ನಿಮ್ಮ ಮಣಿಕಟ್ಟು, ಒಂದನೆಯ ತರಗತಿಯಲ್ಲಿರುವ ತಂಗಿಯ ಮಣಿಕಟ್ಟು ಎರಡೂ ಒಂದೇ ಅಲ್ಲ. ಅವಳದು ಇನ್ನೂ ಕಟ್ಟುತ್ತಿರುವ ಮನೆ. ಗೆರೆ ಓರೆಯಾಗಲು ಮೂಳೆಯೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಬೆರಳುಗಳನ್ನು ಆಡಿಸುವ ಸಣ್ಣ ಸ್ನಾಯುಗಳು ಇನ್ನೂ ಬಲಿಯಬೇಕು. ಕಣ್ಣು ನೋಡಿದ್ದನ್ನು ಕೈ ಮಾಡುವಂತೆ ಮಿದುಳು ಎರಡನ್ನೂ ಹೊಂದಿಸಲು ಕಲಿಯಬೇಕು. ಈ ಹೊಂದಾಣಿಕೆ ಮಾಡುತ್ತಾ ಮಾಡುತ್ತಾ ಬರುವಂಥದ್ದು. ಬೇರೆಯವರು ಮಾಡುವುದನ್ನು ನೋಡುತ್ತಾ ಕುಳಿತರೆ ಬರುವುದಿಲ್ಲ. ನೀವು ಕತ್ತರಿ ಕಿತ್ತುಕೊಂಡರೆ ಕಾರ್ಡ್ ಚೆಂದವಾದೀತು, ಆದರೆ ಆ ಕೈಗೆ ಸಿಗಬೇಕಾಗಿದ್ದ ಅಭ್ಯಾಸ ತಪ್ಪಿಹೋಗುತ್ತದೆ.

ದೊಡ್ಡ ಕೈಯ ಚಿತ್ರ ಬರೆದ ಇನ್ನೊಬ್ಬರು

ನನ್ನ ಮಗಳು ಬರೆದ ಆ ದೊಡ್ಡ ಕೈಯ ವಿಷಯಕ್ಕೆ ಬರೋಣ. ಕೆನಡಾದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಹೆಸರಾಂತ ನರಶಸ್ತ್ರಚಿಕಿತ್ಸಕರಿದ್ದರು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರೋಗಿಗಳ ಮಿದುಳಿನ ಹೊರಪದರದ ಬೇರೆ ಬೇರೆ ಜಾಗಗಳಿಗೆ ಅತಿ ಸಣ್ಣ ವಿದ್ಯುತ್ ಪ್ರವಾಹ ಮುಟ್ಟಿಸಿ, ದೇಹದ ಯಾವ ಭಾಗಕ್ಕೆ ಮಿದುಳಿನ ಯಾವ ಜಾಗ ಎಂದು ಅವರು ಗುರುತಿಸಿದರು. ಮಿದುಳಿನಲ್ಲಿ ಯಾವ ಅಂಗಕ್ಕೆ ಎಷ್ಟು ಜಾಗವಿದೆಯೋ ಅಷ್ಟೇ ದೊಡ್ಡದಾಗಿ ಆ ಅಂಗವನ್ನು ತೋರಿಸುವ ಒಂದು ಮನುಷ್ಯನ ಚಿತ್ರ 1937ರಲ್ಲಿ ಅವರ ಪ್ರಬಂಧದಲ್ಲಿ ಪ್ರಕಟವಾಯಿತು. ಆ ಬಗೆಯ ಚಿತ್ರಗಳು ಈಗಲೂ ವಿಜ್ಞಾನದ ಪುಸ್ತಕಗಳಲ್ಲಿವೆ. ಅವು ಹೇಗಿರುತ್ತವೆ ಗೊತ್ತೇ? ಮೈ ಸಣ್ಣದು, ತುಟಿ ದೊಡ್ಡದು, ಕೈಗಳಂತೂ ಮೊರದಗಲ! ಬೆನ್ನಿನಂಥ ದೊಡ್ಡ ಅಂಗಕ್ಕಿಂತ ಕೈಬೆರಳುಗಳಿಗೆ ಮಿದುಳು ಹೆಚ್ಚು ಜಾಗ ಕೊಟ್ಟಿದೆ.

ನನ್ನ ಮಗಳಿಗೆ ಇದೆಲ್ಲ ಗೊತ್ತಿರಲಿಲ್ಲ. ಅವಳು ತನಗೆ ಮುಖ್ಯವೆನಿಸಿದ್ದನ್ನು ದೊಡ್ಡದಾಗಿ ಬರೆದಳು, ಅಷ್ಟೇ. ಆದರೆ ಅಳತೆ ಎಂಬುದು ಸ್ಕೇಲಿನಲ್ಲಿ ಮಾತ್ರ ಇಲ್ಲ ಎಂಬುದು ವಿಜ್ಞಾನಿಗೂ ಗೊತ್ತಿತ್ತು, ಮಗುವಿಗೂ ಗೊತ್ತಿತ್ತು. ಗೊತ್ತಿಲ್ಲದವಳು ರಬ್ಬರ್ ಹಿಡಿದಿದ್ದ ನಾನೊಬ್ಬಳೇ.

ಹಾಗಾದರೆ ದೊಡ್ಡವರ ಕೆಲಸವೇನು?

ತುಂಬ ಇದೆ. ಕಾಗದವನ್ನು ಆರಿಸುವುದು, ಅಂಟು ತಯಾರಿಸುವುದು, ಬಣ್ಣ ಕಲಸುವುದು, ಪುಟ್ಟವರು ಕತ್ತರಿಸುವಾಗ ಕಾಗದ ಹಿಡಿದುಕೊಳ್ಳುವುದು, ಇವೆಲ್ಲ ನಿಮ್ಮ ಕೆಲಸ. ಇವುಗಳಲ್ಲಿ ನಿಮ್ಮ ವಿಜ್ಞಾನದ ತಿಳಿವಳಿಕೆ ಬೇಕಾಗುತ್ತದೆ.

ಮೊದಲು ಕಾಗದ. ಹಳೆಯ ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ಬಹುಮಟ್ಟಿಗೆ ನೇರವಾಗಿ ಹರಿಯುತ್ತದೆ. ಈಗ ಎಡದಿಂದ ಬಲಕ್ಕೆ ಹರಿಯಿರಿ. ಅಂಕುಡೊಂಕಾಗಿ ಎಲ್ಲೆಲ್ಲಿಗೋ ಹೋಗುತ್ತದೆ! ಏಕೆ? ಕಾಗದವೆಂದರೆ ಸೆಲ್ಯುಲೋಸ್ ಎಂಬ ವಸ್ತುವಿನ ಸಣ್ಣ ಸಣ್ಣ ನಾರುಗಳ ಹೆಣಿಗೆ. ಕಾರ್ಖಾನೆಯಲ್ಲಿ ನೀರಿನಲ್ಲಿ ಕದಡಿದ ನಾರಿನ ತಿಳಿ, ಓಡುತ್ತಿರುವ ಜಾಲರಿಯ ಮೇಲೆ ಹರಿದು ಹಾಳೆಯಾಗುತ್ತದೆ. ಹೊಳೆಯಲ್ಲಿ ತೇಲುವ ಕಡ್ಡಿಗಳು ಹರಿವಿನ ದಿಕ್ಕಿಗೆ ತಿರುಗುವಂತೆ, ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನಾರಿನ ಜೊತೆಗೆ ಹರಿದರೆ ಸಲೀಸು, ನಾರಿಗೆ ಅಡ್ಡವಾಗಿ ಹರಿದರೆ ಕಷ್ಟ.

ನಿಮ್ಮ ನೋಟ್‌ಬುಕ್ಕಿನ ಹಾಳೆಯಲ್ಲಿ ನಾರು ಯಾವ ಕಡೆಗಿದೆ? ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದು ಹಾಳೆಯ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಎರಡನ್ನೂ ಮೇಜಿನ ಅಂಚಿನಿಂದ ಒಂದೇ ಉದ್ದಕ್ಕೆ ಹೊರಚಾಚಿ ಹಿಡಿಯಿರಿ. ಕಡಿಮೆ ಬಾಗುವ ಪಟ್ಟಿಯಲ್ಲಿ ನಾರುಗಳು ಉದ್ದಕ್ಕಿವೆ ಎಂದರ್ಥ. ನಾರಿನ ದಿಕ್ಕಿಗೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ, ಪುಟ್ಟ ಬೆರಳುಗಳಿಗೂ ಸುಲಭ. ಈ ದಿಕ್ಕನ್ನು ಕಂಡುಹಿಡಿದು, 'ಇಲ್ಲಿ ಮಡಚು ಪುಟ್ಟಾ' ಎಂದು ತೋರಿಸುವುದು ನಿಮ್ಮ ಕೆಲಸ. ಮಡಚುವುದು ಅವರ ಕೆಲಸ.

ಕತ್ತರಿಯ ವಿಷಯ. ತುದಿ ಮೊಂಡಾಗಿರುವ ಸಣ್ಣ ಕತ್ತರಿಯನ್ನೇ ಕೊಡಿ. ದುಂಡಗೆ ಕತ್ತರಿಸುವಾಗ ಚಿಕ್ಕ ಮಕ್ಕಳು ಕತ್ತರಿಯನ್ನೇ ತಿರುಗಿಸಲು ಹೋಗಿ ಸೋಲುತ್ತಾರೆ. ಕತ್ತರಿ ನೇರವಾಗಿರಲಿ, ನೀವು ಕಾಗದವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಆಗ ಕತ್ತರಿಸಿದವರು ಅವರೇ ಆಗಿರುತ್ತಾರೆ. ಕತ್ತರಿ ಬೇಡವೆನಿಸಿದರೆ ಕೈಯಿಂದ ಹರಿದ ಅಂಚೂ ಚೆಂದವೇ. ಹರಿದ ಅಂಚಿನಲ್ಲಿ ನಾರು ಕಾಣಿಸುತ್ತದೆ, ಭೂತಗನ್ನಡಿ ಹಿಡಿದು ತೋರಿಸಿ. ಅವರ ಕಣ್ಣು ಅರಳುವುದನ್ನು ನೋಡಿ!

ಇನ್ನು ಅಂಟು. ಒಂದು ಚಮಚ ಮೈದಾ ಹಿಟ್ಟಿಗೆ ನಾಲ್ಕೈದು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ. ಅಮ್ಮನಿಗೋ ಟೀಚರಿಗೋ ಹೇಳಿ ಸಣ್ಣ ಉರಿಯಲ್ಲಿ ಕಾಯಿಸಿಸಿ. ಒಲೆಯ ಕೆಲಸ ನಿಮ್ಮದೂ ಅಲ್ಲ, ಪುಟ್ಟವರದೂ ಅಲ್ಲ. ಬಿಸಿಯಾದಂತೆ ಹಿಟ್ಟಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ನೀರು ನೋಡನೋಡುತ್ತಿದ್ದಂತೆ ಸರಿಯಾಗುತ್ತದೆ. ಪಿಷ್ಟವೂ ಸೆಲ್ಯುಲೋಸೂ ಎರಡೂ ಗ್ಲೂಕೋಸ್ ಎಂಬ ಸಕ್ಕರೆಯ ಅಣುಗಳು ಸರಪಳಿಯಂತೆ ಕೂಡಿ ಆದವು. ಹತ್ತಿರದ ನೆಂಟರು! ಆದ್ದರಿಂದಲೇ ಒಂದನ್ನೊಂದು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ನಮ್ಮ ಹಿಂದಿನವರು ಹುಣಸೆ ಬೀಜದ ಸರಿಯನ್ನು ಹೀಗೆಯೇ ಬಳಸುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಅದರ ಮೇಲೆ ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಅದಕ್ಕೆ 'ಕಡತ' ಎಂದು ಹೆಸರು. ಇಂದು ಕಚೇರಿಯ ಫೈಲಿಗೆ ನಾವು ಹೇಳುವ ಕಡತ ಎಂಬ ಮಾತು ಅಲ್ಲಿಂದಲೇ ಬಂದದ್ದು.

ಒಂದು ಎಚ್ಚರಿಕೆ. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಮೈದಾ ಸರಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ. ಬೆರಳು ಚೀಪುವ ಮಕ್ಕಳಿರುವ ಕಡೆ ಅದು ಬೇಡವೇ ಬೇಡ. ನಿಮ್ಮ ಅಂಟನ್ನು ಎರಡು ದಿನದೊಳಗೆ ಬಳಸಿ ಮುಗಿಸಿ, ಹಳಸಿದರೆ ಚೆಲ್ಲಿಬಿಡಿ.

ಮಾಡಿ ನೋಡಿ: ಅರಿಶಿನದ ಕಾರ್ಡ್

ಬೇಕಾಗುವ ವಸ್ತುಗಳು: ಒಂದು ಬದಿ ಖಾಲಿಯಿರುವ ಬಿಳಿ ಹಾಳೆ, ಒಂದು ಚಮಚ ಅರಿಶಿನ ಪುಡಿ, ಸ್ವಲ್ಪ ನೀರು, ಮೈಗೆ ಹಚ್ಚುವ ಸಾಬೂನಿನ ಚೂರು, ಹತ್ತಿ ಸುತ್ತಿದ ಕಡ್ಡಿ.

ನೀವು ಮಾಡಬೇಕಾದದ್ದು: ಅರಿಶಿನವನ್ನು ನೀರಿನಲ್ಲಿ ಕಲಸಿ ಹಾಳೆಯ ಖಾಲಿ ಬದಿಗೆ ತೆಳುವಾಗಿ ಬಳಿಯಿರಿ. ನೆರಳಿನಲ್ಲಿ ಒಣಗಿಸಿ. ಸಾಬೂನನ್ನು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕದಡಿ ಬಟ್ಟಲಿನಲ್ಲಿಡಿ.

ಪುಟ್ಟವರು ಮಾಡಬೇಕಾದದ್ದು: ಕಡ್ಡಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಳದಿ ಹಾಳೆಯ ಮೇಲೆ ತಮಗೆ ಬೇಕಾದ ಚಿತ್ರ ಬಿಡಿಸುವುದು.

ಬಣ್ಣವಿಲ್ಲದ ನೀರಿನಿಂದ ಕೆಂಪು ಗೆರೆ ಮೂಡುತ್ತದೆ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲ ಸೋಕಿದರೆ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ಸಾಬೂನಿನ ನೀರು ಪ್ರತ್ಯಾಮ್ಲೀಯ. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಆರತಿಯ ತಟ್ಟೆಯ ನೀರು ಕೆಂಪಾಗುವುದನ್ನು ನೀವು ನೋಡಿದ್ದೀರಲ್ಲ, ಅದೂ ಇದೇ. ಆದರೆ ಕಾರ್ಡಿಗೆ ಸುಣ್ಣ ಬಳಸಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಸಾಬೂನಿನ ನೀರಿನ ಕೈಯನ್ನೂ ಕಣ್ಣಿಗೆ ಉಜ್ಜಿಕೊಳ್ಳದಂತೆ ನೋಡಿಕೊಳ್ಳಿ.

ಕೆಂಪು ಗೆರೆಯ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿಯಾಗುತ್ತದೆ. ಅಂದರೆ ನಿಂಬೆರಸ ಇಲ್ಲಿ ರಬ್ಬರಿನ ಕೆಲಸ ಮಾಡುತ್ತದೆ. ಪ್ರಯೋಗ ಮಾಡಿ ನೋಡಿ, ಆದರೆ ಬೇರೊಂದು ಚೂರಿನ ಮೇಲೆ. ತಂಗಿಯ ಗೆರೆಯ ಮೇಲೆ ಬೇಡ. ಇನ್ನೊಂದು ಮಾತು: ಬಿಸಿಲಿಗೆ ಇಟ್ಟರೆ ಅರಿಶಿನದ ಬಣ್ಣ ಬೇಗ ಮಾಸುತ್ತದೆ. ಕಾರ್ಡನ್ನು ಪುಸ್ತಕದೊಳಗೆ ಇಟ್ಟುಕೊಳ್ಳಲು ಹೇಳಿ.

ನೀವು ಕೇಳಬಹುದಾದ ಮೂರು ಪ್ರಶ್ನೆಗಳು

'ಟೀಚರ್, ಅಂಗಡಿಯಲ್ಲಿ ಮಿನುಗುವ ಕಾರ್ಡ್ ಸಿಗುತ್ತದಲ್ಲ, ಅದನ್ನು ಕೊಟ್ಟರಾಗದೇ?'

ಕೊಡಬಹುದು, ತಪ್ಪೇನಿಲ್ಲ. ಆದರೆ ಆ ಮಿನುಗುವ ಪುಡಿ ಏನೆಂದು ತಿಳಿದುಕೊಳ್ಳಿ. ಗ್ಲಿಟರ್ ಎಂದು ಕರೆಯುವ ಆ ಪುಡಿ ಹೆಚ್ಚಾಗಿ ಲೋಹದ ತೆಳು ಲೇಪನವಿರುವ ಪ್ಲಾಸ್ಟಿಕ್ ಹಾಳೆಯ ಸಣ್ಣ ಚೂರು. ಕೈ ತೊಳೆದರೆ ಚರಂಡಿಗೆ, ಅಲ್ಲಿಂದ ಕೆರೆಗೆ. ಅದು ಕೊಳೆಯುವುದಿಲ್ಲ. ಯುರೋಪ್ ಒಕ್ಕೂಟವು 2023ರ ಅಕ್ಟೋಬರ್‌ನಲ್ಲಿ ಇಂಥ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ನಿರ್ಬಂಧ ಹಾಕಿತು. ನಿಮ್ಮ ಕಾರ್ಡ್ ಮಿನುಗಬೇಕೇ? ಹುಣಸೆ ಎಲೆ, ಬೇವಿನ ಎಲೆ, ದಾಸವಾಳದ ಎಸಳನ್ನು ಹಳೆಯ ಪುಸ್ತಕದೊಳಗೆ ವಾರವಿಟ್ಟು ಒಣಗಿಸಿ ಅಂಟಿಸಿ. ಮಿನುಗದಿದ್ದರೂ ನಿಮ್ಮ ಅಂಗಳದ ಗುರುತು ಅದರಲ್ಲಿರುತ್ತದೆ.

'ಕಾಗದಕ್ಕಾಗಿ ಮರ ಕಡಿಯುತ್ತಾರಲ್ಲ, ಇದು ಹಾಳು ಮಾಡಿದಂತೆ ಅಲ್ಲವೇ?'

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ. ಕಚೇರಿಗಳಲ್ಲಿ ಬಳಸುವ ಎ4 ಹಾಳೆ ಹದಿನಾರನ್ನು ಜೋಡಿಸಿದರೆ ಸುಮಾರು ಒಂದು ಚದರ ಮೀಟರ್ ಆಗುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ ಎಂದಿಟ್ಟುಕೊಂಡರೆ ಒಂದು ಹಾಳೆಗೆ 5 ಗ್ರಾಂ. ನಲವತ್ತು ಮಕ್ಕಳು ಒಂದೊಂದು ಹಾಳೆ ಬಳಸಿದರೆ 200 ಗ್ರಾಂ. ಅದನ್ನೂ ಉಳಿಸಬಹುದು. ಒಂದು ಬದಿ ಬರೆದ ಹಾಳೆ, ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆ ಕರೆಯೋಲೆ, ಕೈಬಿಟ್ಟ ಲಕೋಟೆ, ಇವನ್ನು ಬಳಸಿದರೆ ಹೊಸ ಕಾಗದ ಬೇಕಾಗುವುದೇ ಇಲ್ಲ. ಕಾಗದ ಹುಟ್ಟಿದ ಕಥೆಯೂ ಹೀಗೆಯೇ. ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಚಕ್ರವರ್ತಿಗೆ ಒಪ್ಪಿಸಿದ ಕಾಗದ ಮರದ ತೊಗಟೆ, ಹಳೆಯ ಬಟ್ಟೆ, ಹರಿದ ಮೀನಿನ ಬಲೆಗಳಿಂದ ಮಾಡಿದ್ದು ಎಂದು ಚೀನಾದ ಇತಿಹಾಸ ಗ್ರಂಥ ಹೇಳುತ್ತದೆ. ಬೇಡದ ವಸ್ತುವಿನಿಂದಲೇ ಬೇಕಾದ ವಸ್ತು ಹುಟ್ಟಿತು! ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶದ ಮಕ್ಕಳಿಗೆ ಕಲಿಸಿದ ಅರವಿಂದ ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ.

ಒಂದೇ ಒಂದು ಕಡೆ ಹಳೆಯ ಕಾಗದ ಬೇಡ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣ ಮಾಡುವಾಗ ದಿನಪತ್ರಿಕೆ ಬಳಸಬೇಡಿ. ಅದರ ಶಾಯಿ ತಿಂಡಿಗೆ ಸೇರುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತ್ತು, 2023ರಲ್ಲಿ ಮತ್ತೆ ಎಚ್ಚರಿಸಿತು. ಪೊಟ್ಟಣದೊಳಗೆ ಬಾಳೆಎಲೆಯ ಚೂರನ್ನೋ ಮುತ್ತುಗದ ಎಲೆಯನ್ನೋ ಹಾಸಿ, ಹೊರಗೆ ಶುಭ್ರವಾದ ಬಿಳಿ ಕಾಗದ ಮಡಚಿ. ಆ ಕಾಗದದ ಮೇಲೆ ಪುಟ್ಟ ತಮ್ಮ ಒಂದು ಕಬ್ಬಿನ ಜಲ್ಲೆ ಬರೆಯಲಿ. ಅದು ಜೋಳದ ದಂಟಿನಂತೆ ಕಂಡರೂ ಪರವಾಗಿಲ್ಲ!

'ಇದು ಪರೀಕ್ಷೆಗೆ ಬರುತ್ತದೆಯೇ?'

ನಾರು, ಪಿಷ್ಟ, ಆಮ್ಲ, ಪ್ರತ್ಯಾಮ್ಲ, ಮೂಳೆ, ವಿಸ್ತೀರ್ಣ, ತೂಕ, ಇಷ್ಟು ಹೊತ್ತು ನಾವು ಮಾತನಾಡಿದ್ದು ಇವೇ ಅಲ್ಲವೇ? ಇವೆಲ್ಲ ಪಾಠಗಳಲ್ಲಿ ಬರುವಂಥವೇ. ಆದರೆ ನಿಜ ಹೇಳಬೇಕೆಂದರೆ, ನಾನು ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ.

ಕಾಗದದ ಬೆಲೆ ಎಷ್ಟು?

ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದಂತೆ ಇರೋಣ ಎಂದು ಹಾರೈಸುತ್ತಾರೆ. ಚಿಕ್ಕವರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ನಮಸ್ಕರಿಸುತ್ತಾರೆ. ಎಲೆಯನ್ನು ತೂಕಕ್ಕೆ ಹಾಕಿದರೆ ಏನೂ ಸಿಗದು. ಅದನ್ನು ಬಂಗಾರ ಮಾಡುವುದು ಕೊಡುವ ಕೈ ಮತ್ತು ತೆಗೆದುಕೊಳ್ಳುವ ಕೈ.

ಜಪಾನಿನ ಹಿರೋಷಿಮಾ ನಗರದ ಮೇಲೆ 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಸಡಾಕೊ ಸಸಾಕಿ ಎಂಬ ಹುಡುಗಿಗೆ ಎರಡು ವರ್ಷ. ಅಂದು ಬದುಕುಳಿದ ಅವಳಿಗೆ ಹತ್ತು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಅವಳು ಔಷಧಿ ಸುತ್ತಿದ ಕಾಗದ, ಉಡುಗೊರೆಯ ಹೊದಿಕೆ, ಹೀಗೆ ಸಿಕ್ಕ ಕಾಗದದಲ್ಲೆಲ್ಲ ಕೊಕ್ಕರೆಗಳನ್ನು ಮಡಚಿದಳು. 1955ರ ಅಕ್ಟೋಬರ್ 25ರಂದು ತೀರಿಕೊಂಡಾಗ ಅವಳಿಗೆ 12 ವರ್ಷ, ಅಂದರೆ ಈಗ ನಿಮ್ಮ ವಯಸ್ಸು. ಅವಳ ಸಹಪಾಠಿಗಳು ಸುಮ್ಮನೆ ಕೂರಲಿಲ್ಲ. ಅವರು ಆರಂಭಿಸಿದ ಪ್ರಯತ್ನಕ್ಕೆ ದೇಶದ ಮಕ್ಕಳೆಲ್ಲ ಹಣ ಕೂಡಿಸಿದರು. 1958ರ ಮೇ 5ರಂದು ಹಿರೋಷಿಮಾದಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದು ನಿಂತಿತು. ಇಂದಿಗೂ ಪ್ರಪಂಚದ ಮೂಲೆ ಮೂಲೆಗಳಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಕಾಗದದ ಕೊಕ್ಕರೆಗಳು ಅಲ್ಲಿಗೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಕೊಕ್ಕರೆಗಳ ಕೊಕ್ಕು ಸೊಟ್ಟಗಿರಬಹುದು, ರೆಕ್ಕೆ ಒಂದು ಉದ್ದ ಒಂದು ಗಿಡ್ಡ ಇರಬಹುದು. ಅದಕ್ಕಾಗಿ ಯಾರೂ ಅವನ್ನು ಹಿಂದಕ್ಕೆ ಕಳಿಸುವುದಿಲ್ಲ.

ಕೊನೆಗೆ ನಮ್ಮ ಮನೆಯ ಕಥೆಯನ್ನು ಮುಗಿಸುತ್ತೇನೆ. ಆ ವಾರದ ಭಾನುವಾರ ನನ್ನ ಅಣ್ಣನ ಮಗ ನಮ್ಮ ಮನೆಗೆ ಬಂದಿದ್ದ. ಆಗ ಅವನು ಏಳನೆಯ ತರಗತಿ. ಇಬ್ಬರೂ ಜಗಲಿಯ ಮೇಲೆ ಕುಳಿತು ಏನೋ ಮಾಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಗಳು ಬರೆಯುತ್ತಿದ್ದಳು. ಗಾಳಿಗೆ ಹಾರದಂತೆ ಅವನು ಕಾಗದದ ಎರಡು ತುದಿಗಳನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ. ಅವಳು ಮತ್ತೆ ಆ ದೊಡ್ಡ ಕೈಯನ್ನೇ ಬರೆದಳು. ಅವನು "ಬಳೆ ಬರೀತೀಯಾ?" ಎಂದು ಕೇಳಿದ, ಅಷ್ಟೇ. "ಹೂಂ, ಹಸಿರು ಬಳೆ" ಎಂದಳು. ಅವನು ಹಸಿರು ಬಣ್ಣದ ಕಡ್ಡಿಯನ್ನು ಹುಡುಕಿ ಕೊಟ್ಟ.

ಊರಿಗೆ ಹೋದಾಗ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಮೊಮ್ಮಗಳು ಕಾರ್ಡ್ ಕೊಟ್ಟಳು. ಅಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಆ ಚಿತ್ರದ ಕೈಯ ಮೇಲೆ ತಮ್ಮ ಅಂಗೈಯನ್ನು ಇಟ್ಟು, "ಇದು ನನ್ನ ಕೈಯೇ" ಎಂದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಆ ಕಾರ್ಡ್ ಈಗಲೂ ಅಮ್ಮನ ಟ್ರಂಕಿನಲ್ಲಿದೆ. ನಾನು ತಿದ್ದಿದ ಕಾರ್ಡ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮಕ್ಕಳ ಕೆಲಸವನ್ನು ತಿದ್ದಲು ಕೈ ತುರಿಸಿದಾಗಲೆಲ್ಲ ಅದನ್ನು ತೆಗೆದು ನೋಡುತ್ತೇನೆ.

ಮಕ್ಕಳೇ, ನಾಳೆ ನಿಮ್ಮ ಶಾಲೆಯ ನಲಿ-ಕಲಿ ಕೊಠಡಿಗೆ ಹೋಗಿ. ಅಲ್ಲಿನ ಚಪ್ಪರದಲ್ಲಿ ತೂಗುಹಾಕಿದ ಪುಟಾಣಿಗಳ ಚಿತ್ರಗಳನ್ನು ತಲೆಯೆತ್ತಿ ನೋಡಿ. ಆರು ಕಾಲಿನ ಹಸು, ಮನೆಗಿಂತ ಎತ್ತರದ ಕೋಳಿ, ನಗುವ ಸೂರ್ಯ ಎಲ್ಲವೂ ಇರುತ್ತವೆ. ನಗಬೇಡಿ. 'ಇದೇನು?' ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಟೀಚರ್ ಒಪ್ಪಿಗೆ ಪಡೆದು ಒಂದು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. 'ಯಾರಿಗೆ ಕೊಡ್ತೀಯಾ ಪುಟ್ಟಾ?' ಎಂದು ಕೇಳಿ. ಅಮ್ಮನಿಗೋ, ಬಿಸಿಯೂಟ ಬಡಿಸುವ ಅಕ್ಕನಿಗೋ, ಜ್ವರ ಬಂದು ಶಾಲೆಗೆ ಬಾರದ ಗೆಳೆಯನಿಗೋ, ಅವರೇ ಹೇಳಲಿ. ನೀವು ಕಾಗದ ಹಿಡಿದುಕೊಳ್ಳಿ.